ಇಪ್ಪತ್ತಕ್ಕೆ ನಾಲ್ಕು

ನಲವತ್ತು ಪ್ರಶ್ನೆ ಬರೆದುಕೊಂಡು ಬಂದಿದ್ದಳು ಮಾರೂತಾ.
ಒಂದೊಂದನ್ನೇ ಯಂತ್ರದ ಬಾಯಿಗಿಟ್ಟಳು:
ಲಿಯೆಪಾಯಾದಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವವರು ಯಾರು?
ಅಜ್ಜಿಯ ವಾದ್ಯ ಏದುಸಿರು ಬಿಡುತ್ತಿದೆ, ಯಾರಲ್ಲಿಗೆ ಒಯ್ಯಲಿ?
ನಯವಾಗಿ, ತಡವರಿಸದೆ ಬಂದವು ಉತ್ತರಗಳು:
ರೀಗಾದಲ್ಲಿ ಇಬ್ಬರು, ಕಡಲಾಚೆ ಸ್ವೀಡನ್ನಿನಲ್ಲಿ ಒಬ್ಬ.
ಹದಿನೇಳನೆಯದಕ್ಕೆ ಮಾತ್ರ
ಕಾಲುವೆ ಪಕ್ಕದ ಈ ಅಂಗಡಿಯ ಹೆಸರು ಬಂತು,
ಬೆನ್ನಿಗೇ ಇನ್ನೊಂದು ಸಾಲು:
ಮಾಲೀಕರು ತೀರಿಕೊಂಡಿದ್ದಾರೆ, ಅಂಗಡಿ ಮುಚ್ಚಿದೆ.

ತೀರಿಕೊಂಡ ಮಾಲೀಕ ಅವಳೆದುರೇ ಕೂತು
ಚಹಾಕ್ಕೆ ಜೇನು ಕಲಸುತ್ತಿದ್ದ.
'ಅದು ನನ್ನಣ್ಣ, ಆರ್ವಿಡ್ಸ್' ಅಂದ ವಿಲ್ನಿಸ್.
'ಸತ್ತಾಗ ಪತ್ರಿಕೆಯಲ್ಲಿ ಹಾಕಿಸಿದೆವು.
ನಾನು ಬದುಕಿದ್ದೇನೆ ಅಂತ
ಹಾಕಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.'

ಅವಳು ಪುಟ ತೆರೆದಳು. ಬರೆದವನು ಅಣ್ಣ.
ಬಾಯಿಬಿಟ್ಟರೆ ಮುತ್ತು ಉದುರೀತು ಎಂಬ ಜಾತಿಯವನು,
ಬರೆಯಲು ಕೂತರೆ ಮಾತ್ರ ನಿಲ್ಲದವನು.
ಹನ್ನೊಂದು ವಾಕ್ಯ ಬರೀ ಗಾಳಿಯ ಬಗ್ಗೆ:
ಅದು ಈ ಊರಲ್ಲೇ ಹುಟ್ಟುತ್ತದಂತೆ,
ಹುಟ್ಟಿದ ಗಾಳಿಗೆ ತಿದಿಯಲ್ಲಿ ಹಾಸಿಗೆ ಹಾಸಬೇಕಂತೆ,
ಮಡಿಕೆ ಮಡಿಕೆಗೂ ಒಂದೊಂದು ನಿದ್ದೆಯಂತೆ.
ರಿಪೇರಿ ಎಂಬ ಪದ ಹನ್ನೆರಡನೆಯದರಲ್ಲಿ.
ವಿಳಾಸ, ಫೋನು, ಬಾಗಿಲು ತೆರೆಯುವ ಹೊತ್ತು
ಎಲ್ಲ ಆತ ಕೈಯಾರೆ ಬಿಡಿಸಿದ ಚಿತ್ರದೊಳಗೆ,
ದ್ರಾಕ್ಷಿ ಬಳ್ಳಿಯ ಸುರುಳಿಗೆ ಸಿಕ್ಕಿಕೊಂಡು.

ಕೆಂಪು ಗುರುತು ಹಾಕುತ್ತ ಹೋದಳು.
ಉತ್ತರ ಮೊದಲು, ಕತೆ ಆಮೇಲೆ.
ಒಂದು ವಾಕ್ಯಕ್ಕೆ ಒಂದೇ ಸಂಗತಿ.
ಯಾರು, ಎಲ್ಲಿ, ಎಷ್ಟು ದುಡ್ಡು, ಎಷ್ಟು ದಿನ.
ಬದುಕಿರುವವರ ಹೆಸರು, ಇವತ್ತಿನ ತಾರೀಖು.

'ಆಮೇಲೆ ಅಂದರೆ ಎಲ್ಲಿ?'
'ಕೆಳಗೆ.'
'ಕೆಳಗಿನವರೆಗೆ ಯಾರಾದರೂ ಬರುತ್ತಾರಾ?'
ಮಾರೂತಾ ಚಮಚ ನೋಡಿದಳು.

ಮೂರೂವರೆಗೇ ಕತ್ತಲು. ಟ್ರಾಮೊಂದು
ಗಂಟೆ ಬಾರಿಸಿ ತಿರುವಿನಲ್ಲಿ ಇಳಿಯಿತು.
ಮೂವತ್ತೊಂದನೆಯ ಪ್ರಶ್ನೆ:
ತಿದಿಯ ಸೋರಿಕೆ ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?
ಯಂತ್ರ ಹೇಳಿತು, ಅವಳು ಗಟ್ಟಿಯಾಗಿ ಓದಿದಳು:
ದೀಪ ಆರಿಸಿ. ಒಂದು ಮೇಣದಬತ್ತಿ ಹಚ್ಚಿ.
ಮಡಿಕೆಗಳಿಂದ ಗೇಣು ದೂರ ಹಿಡಿದು ಮೆಲ್ಲಗೆ ಒತ್ತಿ.
ಜ್ವಾಲೆ ಎಲ್ಲಿ ಬಾಗುತ್ತದೋ
ವಾದ್ಯ ಅಲ್ಲಿ ಅಳುತ್ತಿದೆ.

ವಿಲ್ನಿಸ್ ಲೋಟ ಕೆಳಗಿಟ್ಟ.
'ಸೋರುತ್ತದೆ ಅನ್ನುತ್ತಾರೆ ಎಲ್ಲರೂ.
ಅಳುತ್ತದೆ ಅಂದವನು ಅವನೊಬ್ಬನೇ.'

ಉತ್ತರದಡಿ ಮೂರು ಕೊಂಡಿ.
ಒಂದು ಕಾರ್ಖಾನೆಯದು, ಇನ್ನೊಂದು ಹಳೇ ವಸ್ತು ಮಾರುವವರದು,
ಮೂರನೆಯದು ಒತ್ತಿದರೆ ತೆರೆಯಲಿಲ್ಲ.
ಅಂಕಿತ ಕಿತ್ತ ವಚನದ ಹಾಗೆ
ಸಾಲು ನಿಂತೇ ಇತ್ತು.

ಅವಳ ತಖ್ತೆಯಲ್ಲಿ ಎರಡೇ ಮನೆ:
ಹೆಸರು ಹೇಳಿತೇ? ಇಲ್ಲ.
ಮೂಲ ತೋರಿಸಿತೇ? ಇಲ್ಲ.
ಪೆನ್ನು ಮೂರನೆಯ ಮನೆ ಹುಡುಕಿ
ಕಾಗದದ ಅಂಚಿಗೆ ಬಂದು ನಿಂತಿತು.

'ಇನ್ನೊಂದು ಸಲ ಕೇಳು' ಅಂದ ಆತ.
ಕೇಳಿದಳು. ಈ ಸಲ ಸೋರುತ್ತದೆ ಅಂದಿತು.
ಮತ್ತೆ ಕೇಳಿದಳು. ಸೋರುತ್ತದೆ. ಸೋಪಿನ ನೀರು ಸವರಿ ನೋಡಿ.
ಮತ್ತೆ. ಬಲ್ಲವರನ್ನು ವಿಚಾರಿಸಿ.
ಮತ್ತೆ. ಅಳುತ್ತದೆ.
ಆತ ಕಪಾಟಿನ ಮೇಲಿನ ಬತ್ತಿ ತಂದು ಹಚ್ಚಿದ,
ಯಾಕೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.
ಗಂಟೆಗಿಷ್ಟು ಎಂದು ಮಾತಾಡಿಕೊಂಡ ಸಂಬಳ,
ಗಡಿಯಾರದ ಕಡೆ ಇಬ್ಬರೂ ತಿರುಗಲಿಲ್ಲ.

ಇಪ್ಪತ್ತು ಸಲ ಮುಗಿದ ಮೇಲೆ
ಅಂಚಿನಲ್ಲೊಂದು ಮನೆ ಗೀರಿ ಅವಳು ಬರೆದಳು:
ಇಪ್ಪತ್ತಕ್ಕೆ ನಾಲ್ಕು.

ಕನ್ನಡಕ ಏರಿಸಿ ಆತ ಅಂಕಿ ನೋಡಿದ.
'ಸರಿಯಾಗಿದೆ' ಅಂದ.
'ಇದ್ದಾಗಲೂ ಅಷ್ಟೇ ಮಾತಾಡುತ್ತಿದ್ದ.'