ಐಸ್ ಗಾಡಿ

ಬಳ್ಳಾರಿ ಕೌಲ್ ಬಜಾರಿನಲ್ಲಿ
ನಾಲ್ಕೂವರೆಗೆ ಹನ್ನೆರಡು ಗಡ್ಡೆ ಏರಿಸಿ
ಮೇಲೆ ಭತ್ತದ ಹೊಟ್ಟು, ಹೊಟ್ಟಿನ ಮೇಲೆ ಗೋಣಿ,
ಗೋಣಿಯ ಮೇಲೆ ನಾನು.
"ಒಳಗ ಜಾಗ ಇಲ್ಲಲೇ" ಅಂದಿದ್ದ ಜಿಲಾನಿ ಮಾಮು.
ಪಕ್ಕದ ಸೀಟಿನಲ್ಲಿ ಮೀನಿನ ತಕ್ಕಡಿ ಕೂತಿತ್ತು,
ಶಾಲು ಹೊದ್ದು.

ಮೇಲಿನಿಂದ ಮಾಘದ ಚಳಿ,
ಕೆಳಗಿನಿಂದ ಫ್ಯಾಕ್ಟರಿಯ ಚಳಿ,
ನಡುವೆ ಅಂಡು ಯಾವುದು, ಗೋಣಿ ಯಾವುದು
ತಿಳಿಯದಾಗಿತ್ತು.

ಕುಡತಿನಿ ದಾಟುವಾಗ ಥರ್ಮಲ್ಲಿನ ಬೂದಿ
ಬಳ್ಳಾರಿ ಜಾಲಿಯ ಮೇಲೆ ಬೆಳ್ಳಗೆ.
ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ
ಕಾಶ್ಮೀರವೂ ಹೀಗೇ ಇತ್ತು,
ಆದರೆ ಅದಕ್ಕೆ ಕೆಮ್ಮು ಬರುತ್ತಿರಲಿಲ್ಲ.

ಕರಡಿಧಾಮದ ಬೋರ್ಡು.
ಬಂಡೆ, ಬಂಡೆ, ಬಂಡೆಯ ಮೇಲೆ ಬಂಡೆ,
ಆಮೇಲೆ
ಒಂದು ಬಂಡೆ ಎದ್ದು ನಡೆಯಿತು.

ಮಾಮು ಬ್ರೇಕು ಹಾಕಿ, ಲೈಟು ಆರಿಸಿ,
ಬೀಡಿಯನ್ನೂ ಆರಿಸಿದ.
ತೊಟ್. ತೊಟ್.
ನಮ್ಮ ಸರಕು ರಸ್ತೆಗೆ ಸೋರುತ್ತಿತ್ತು.
ಅತ್ತ ದರೋಜಿ ಕೆರೆ ದಂಡೆಗೆ
ಮೀನು ಬಂದಿರಬೇಕು, ಕಣ್ಣು ಬಿಟ್ಟುಕೊಂಡೇ
ನಮ್ಮನ್ನು ಕಾಯುತ್ತ.

ಕರಡಿ ಹತ್ತಿರ ಬಂತು. ಬೆನ್ನ ಮೇಲೊಂದು ಮರಿ,
ನನ್ನ ಹಾಗೇ ಹಿಡಿಯಲು ಏನೂ ಇಲ್ಲದೆ
ಏನನ್ನೋ ಹಿಡಿದುಕೊಂಡಿತ್ತು.
ತಾಯಿ ಹನಿಯನ್ನು ಮೂಸಿತು, ನೆಕ್ಕಿತು,
ತಟ್ಟನೆ ತಲೆ ಹಿಂದೆಳೆದು
ಮತ್ತೆ ನೆಕ್ಕಿತು.
ಬೆಲ್ಲವಲ್ಲ, ಜೇನಲ್ಲ, ಗೆದ್ದಲಂತೂ ಅಲ್ಲ.
ಆ ನಾಲಿಗೆಯಲ್ಲಿ ಇದಕ್ಕೆ ಹೆಸರಿರಲಿಲ್ಲ.

ಎಷ್ಟು ಹೊತ್ತೋ. ಬಂಡೆಗಳು ಕೆಂಪಾದವು.
ಮರಿ ಒಮ್ಮೆ ಸೀನಿತು.

ಕೆರೆಯಲ್ಲಿ ದುರುಗಪ್ಪ ಗಡ್ಡೆ ಎಣಿಸಿದ:
ಹನ್ನೆರಡೂ ಇದ್ದವು, ಮೂಲೆಗಳಿರಲಿಲ್ಲ.
"ಕರಡಿ ತಿಂತು" ಅಂದ ಮಾಮು.
ಅವನು ನಗಲಿಲ್ಲ. ಪೆನ್ಸಿಲು ನೆಕ್ಕಿ
ಲೆಕ್ಕದ ಪುಸ್ತಕದಲ್ಲಿ
ಹಾಗೇ ಬರಕೊಂಡ.