ಬಣ್ಣದ ಕಾಲಂ

ಮೇ ಹನ್ನೊಂದು, ಬೆಳಗಿನ ಆರು ಗಂಟೆ.
ವಾಸ್ಕೋ, ಹಡಗುಕಟ್ಟೆಯ ಹಿಂದಿನ ಓಣಿ.
ರಟ್ಟಿಗೆ ಕ್ಲಿಪ್ಪು, ಕ್ಲಿಪ್ಪಿಗೆ ಹಾಳೆ,
ಹಾಳೆಯ ತುಂಬ ಹದಿನಾಲ್ಕು ಕಾಲಂ.
ಪೆನ್ನಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ,
ನಾಯಿಗಳು ನನ್ನನ್ನೂ ಯಾರೋ ಸಾಕಿದ್ದು ಅಂದುಕೊಳ್ಳಲಿ.

ಐವತ್ತೇಳನೆಯದು.
ಹೆಣ್ಣು. ವಯಸ್ಸು ಮೂರು, ಅಂದಾಜು.
ಎಡಗಿವಿಗೆ ಕಚ್ಚು ಇಲ್ಲ,
ಅಂದರೆ ಇನ್ನೂ ಆಪರೇಷನ್ ಆಗಿಲ್ಲ.
ಮೊಲೆ ಜೋತಿವೆ. ಮರಿ ಎಲ್ಲಿ? ತಿಳಿಯದು.
ಸ್ವಭಾವಕ್ಕೆ ಮೂರೇ ಮನೆ ಕೊಟ್ಟಿದ್ದಾರೆ:
ಸಾಧು, ಅಂಜುಬುರುಕ, ಕಚ್ಚುತ್ತದೆ.
ಬಿಸ್ಕತ್ತು ತಿಂದು, ಬಾಲ ಅಲ್ಲಾಡಿಸಿ,
ಆಮೇಲೆ ಗುರ್ರೆಂದವಳಿಗೆ ಮನೆಯೇ ಇಲ್ಲ.
ಗೆರೆಯ ಮೇಲೆ ಬರೆದೆ.
ಬಣ್ಣ: ಬೂದಿ.

ಹೆಸರು ಕೇಳದೆ ಬರಬೇಡ ಎಂದು ಡಾಕ್ಟರ್ ಶಿರೋಡ್ಕರರ ಕಟ್ಟಪ್ಪಣೆ.
ಹೆಸರು ಹಿಡಿದು ಕರೆದರೆ ಬಲೆ ಬೇಕಿಲ್ಲ, ಸೂಜಿ ಸಾಕು.
ಮೀನಿನ ಬುಟ್ಟಿ ಇಳಿಸುತ್ತ ಎಸ್ಪೆರಾನ್ಸಾ ಅಂದಳು, ಬ್ರಾಂಕಾ.
ಕಲ್ಲಿದ್ದಲ ಲಾರಿಯ ತರ್ಸೇಮ್ ಅಂದ, ಚಿಟ್ಟೀ.
ಗೇಟಿನ ಹನಮಪ್ಪ, ಗದಗಿನ ಕಡೆಯವನು,
"ಅಕೀ ನಮ್ಮ ಹಾಲವ್ವ ರೀ" ಎಂದು ನಕ್ಕ.
ಮರಿ ಹಾಕಿದ್ದಕ್ಕೇ ಇರಬೇಕು ಆ ಹೆಸರು,
ಎಂದುಕೊಂಡೆ.
ಮೂರನ್ನೂ ಬರೆದೆ, ಅಡ್ಡಗೆರೆ ಹಾಕಿ, ಚೆಂದಾಗಿ.

ಜುಲೈಯಲ್ಲಿ ಎರಡನೇ ಎಣಿಕೆ.
ಹನ್ನೊಂದು ದಿನ ಬಿಡದೆ ಸುರಿದಿತ್ತು.
ತಗಡಿನ ಮೇಲಿನ ಕಪ್ಪು, ಬಾಳೆಎಲೆಯ ಕಪ್ಪು,
ಒಣಗಲು ಹಾಕಿ ಮರೆತ ಅಂಗಿಯ ಕಪ್ಪು
ಎಲ್ಲ ಗಟಾರ ಸೇರಿ ಸಮುದ್ರದ ಕಡೆ ಹೊರಟಿತ್ತು.
ಐವತ್ತೇಳು ಎಲ್ಲೂ ಇಲ್ಲ.
ಷರಾ: ಕಾಣೆ. ಲಸಿಕೆ ಬಾಕಿ.
ಮೂಲೆಯಲ್ಲಿ ಹೊಸತೊಂದು ನಿಂತಿತ್ತು, ಇನ್ನೂರ ಹನ್ನೆರಡು,
ಹೆಣ್ಣು, ಕಚ್ಚಿಲ್ಲದ ಕಿವಿ,
ಆಗತಾನೆ ಒಡೆದ ಕೊಬ್ಬರಿಯಂಥ ಬಿಳಿ.

ನೀಲಿ ತಾಡಪಾಲಿನ ಕೆಳಗಿಂದ ಎಸ್ಪೆರಾನ್ಸಾ ಕೂಗಿದಳು:
ಬ್ರಾಂಕಾ!
ಇನ್ನೂರ ಹನ್ನೆರಡು ಓಡಿಹೋಗಿ
ಬಂಗಡೆಯ ತಲೆ ಬಾಯಲ್ಲಿ ಹಿಡಿಯಿತು.

ಹಾಗೆಂದರೇನು, ಎಂದು ಆಗ ಕೇಳಿದೆ.
ಅವಳು ಚಾಕು ನಿಲ್ಲಿಸಿ ನನ್ನ ಮುಖ ನೋಡಿದಳು.
ಬಿಳಿ, ಮತ್ತೇನು? ಪೋರ್ತುಗೀಸರ ಮಾತು, ನನ್ನಜ್ಜಿಯದು.
ತರ್ಸೇಮನಿಗೆ ಫೋನು ಮಾಡಿದೆ. ಬಿಳೀ, ಅಂದ.
ಹನಮಪ್ಪನನ್ನು ಕೇಳಲಿಲ್ಲ.
ಹಾಲಿನ ಬಣ್ಣ ನನಗೆ ಗೊತ್ತು.

ಇನ್ನೂರ ಹನ್ನೆರಡನ್ನು ಹೊಡೆದುಹಾಕಿದೆ.
ಕಾಣೆ ಎಂಬುದನ್ನೂ.
ಡಾಕ್ಟರರಿಗೆ ಲೆಕ್ಕ ಒಂದು ಇಳಿದದ್ದಕ್ಕೆ ಬೇಜಾರು,
ನಾನು ಹೇಳದೆ ಉಳಿಸಿಕೊಂಡದ್ದು ಬೇರೆ:
ಮೇ ತಿಂಗಳ ಹಾಳೆಗಳಲ್ಲಿ, ನನ್ನದೇ ಅಕ್ಷರದಲ್ಲಿ,
ಬೂದಿ ಎಂದು ಬರೆಸಿಕೊಂಡವು
ಇನ್ನೂ ಮೂವತ್ತೆಂಟು ಇವೆ.

ಬರುವ ಬೇಸಿಗೆಗೆ ಚೀಲದಲ್ಲಿ
ಹಾಳೆ, ಬಿಸ್ಕತ್ತು, ಎರಡು ಪೆನ್ನು,
ಒಂದು ಒದ್ದೆ ಬಟ್ಟೆ.