ಹಾಲ್ಟನ್ ಕಟ್ಟೆಯ ಕೆಳಗಿನ ತಿರುವು

ಉಬ್ಬರ ನೋಡಿ ಹೊರಡಬೇಕು,
ಟೇಮರ್ ಹೊಳೆ ಗಡಿಯಾರದ ಮಾತು ಕೇಳುವುದಿಲ್ಲ.
ಒಂದು ಶನಿವಾರ ಏಳಕ್ಕೆ, ಮುಂದಿನ ಶನಿವಾರ ಹನ್ನೊಂದಕ್ಕೆ
ಡೆವನ್‌ಪೋರ್ಟಿನ ಕಟ್ಟೆಯ ಮೇಲೆ ಅರ್ಧ ಊರು:
ಹ್ಯಾಟು, ಬುಟ್ಟಿ, ರಚ್ಚೆ ಹಿಡಿದ ಕೂಸು, ಯಾರದೋ ಅಕಾರ್ಡಿಯನ್.
‘ಪ್ರಿನ್ಸೆಸ್ ಮೊರ್ವೆನ್ನಾ’ ಬಂದಳೆಂದರೆ,
ಎರಡೂ ಬದಿಯ ಚಕ್ರ ನೀರನ್ನು ಕಡೆದು ಮಜ್ಜಿಗೆ ಮಾಡುತ್ತ,
ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು
ಮದುಮಗಳು ಬಂದ ಹಾಗೆ.

ನಾನು ಟಿಕೆಟ್ಟಿಲ್ಲದವಳು.
ಅಪ್ಪ ಹೆಡ್ಲಿ ಪೆಂಗೆಲಿ ಕೆಳಗೆ, ಬಾಯ್ಲರಿನ ಬಾಯಿಗೆ
ಕಲ್ಲಿದ್ದಲು ಉಣಿಸುವವನು.
ಅವನ ಮಗಳೆಂದು ಚಹಾದ ಲೋಟ ತೊಳೆಯಲು ಬಿಟ್ಟಿದ್ದರು.
ಲೋಟಕ್ಕೊಂದು ಸಲ ತಲೆಯೆತ್ತಿ
ದುಂಡು ಕಿಟಕಿಯಿಂದ ಹೊಳೆ ನೋಡುತ್ತಿದ್ದೆ.

ಹದಿನಾಲ್ಕು ಬೇಸಿಗೆ ಅದೇ ಹೊಳೆಯಲ್ಲಿ ಹೋಗಿಬಂದವನು
ಹೊಳೆಯನ್ನೇ ನೋಡಿರಲಿಲ್ಲ.
ಅವನಿಗೆ ಗೊತ್ತಿದ್ದದ್ದು ಗಂಟೆ:
ಒಂದು ಹೊಡೆದರೆ ನಿಧಾನ, ಎರಡಕ್ಕೆ ನಿಲ್ಲು.
ತಿರುವು ಬಂದರೆ ಕಲ್ಲಿದ್ದಲ ರಾಶಿ ಜರುಗಿ ಹೇಳುತ್ತಿತ್ತು.

ರಾತ್ರಿ ಬಿಸಿನೀರಿನ ಬೋಗುಣಿಗೆ ಕಾಲು ಇಳಿಬಿಟ್ಟು
‘ಹೇಳು ಲವ್‌ಡೇ, ಇವತ್ತು ಏನೇನಿತ್ತು?’
ಕಾರ್‌ಗ್ರೀನಿನ ಕೆಸರಲ್ಲಿ ಸಾಲಾಗಿ ಕೊಕ್ಕರೆ ಅಪ್ಪ,
ಗುಡ್ಡದ ತುಂಬ ಚೆರ್ರಿ ಹೂವು, ಹಾಲು ಉಕ್ಕಿದ ಹಾಗೆ,
ಹಳೆ ಸುಣ್ಣದ ಗೂಡಿನ ಮರೆಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ,
ಕ್ಯಾಲ್‌ಸ್ಟಾಕಿನ ಎತ್ತರದ ಸೇತುವೆ ಮೇಲೆ ರೈಲು, ಕೆಳಗೆ ನಾವು,
ಎರಡೂ ಕೂಗಿದವು, ರೈಲೇ ಮೊದಲು.
‘ನಮ್ಮದೇ ಮೊದಲು’ ಅನ್ನುತ್ತಿದ್ದ. ‘ಹಬೆ ನನ್ನದಲ್ಲವೇ?’

ಒಂದು ಶನಿವಾರ ಮಂಜು. ಕಿಟಕಿಯಲ್ಲಿ ನನ್ನ ಮುಖ ಬಿಟ್ಟರೆ ಏನಿಲ್ಲ.
ಏನು ಹೇಳಲಿ?
‘ಹಾಲ್ಟನ್ ಕಟ್ಟೆಯ ಕೆಳಗೆ, ತಿರುವಿನಲ್ಲಿ,
ಒಂದು ಬಿಳಿ ಕುದುರೆ’ ಅಂದೆ.
ಬೋಗುಣಿಯಲ್ಲಿ ಕಾಲು ಆಡುವುದು ನಿಂತಿತು.
‘ಎಷ್ಟು ಬಿಳಿ?’
‘ಉಪ್ಪಿನಷ್ಟು.’

ಆಮೇಲೆ ವಾರವಾರವೂ ಕುದುರೆ.
ಸುಳ್ಳಾದರೇನು, ಮೇವು ಬೇಕಲ್ಲ:
ಹುಲ್ಲು ಹಾಕಿದೆ, ಬೇಲಿ ಹಾಕಿದೆ,
ಒಂದು ಮರಿ ಹಾಕಿಸಿದೆ, ಮೇ ತಿಂಗಳಲ್ಲಿ,
ಕಥೆ ಬತ್ತಿದಾಗ ಹಿಂಗಾಲು ಕುಂಟಾಯಿತು.
ಅಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ.

ಹಡಗು ಗುಜರಿಗೆ ಮಾರಾಟವಾದ ವರ್ಷ
ಅಪ್ಪನ ಎದೆ ಆಗಲೇ ಕೆಟ್ಟಿತ್ತು, ಸಲಿಕೆ ಬೇರೆಯವನ ಕೈಗೆ ಹೋಗಿತ್ತು.
ಕಡೆಯ ಯಾನಕ್ಕೆ ಹಳಬರನ್ನು ಕರೆದರು, ಪುಕ್ಕಟೆ.
ಮದುವೆಯ ಕೋಟು ತೊಟ್ಟು ಮೇಲಿನ ಅಟ್ಟದಲ್ಲಿ ಕೂತ,
ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು.
ಗಂಟೆ ಹೊಡೆದಾಗಲೆಲ್ಲ ಅವನ ಬೆರಳು
ಇಲ್ಲದ ಹಿಡಿಯನ್ನು ಹಿಡಿಯುತ್ತಿದ್ದವು.
ಕೊಕ್ಕರೆ ತೋರಿಸಿದೆ. ತಲೆಯಾಡಿಸಿದ.
ಸುಣ್ಣದ ಗೂಡು ತೋರಿಸಿದೆ. ‘ಚಿಕ್ಕದು’ ಅಂದ.

ಹಾಲ್ಟನ್ ಹತ್ತಿರ ಬಂದಂತೆ ಎದ್ದು ಕಟಕಟೆ ಹಿಡಿದ.
ಗದ್ದೆ. ಮುಳ್ಳುಗಿಡ. ತುಕ್ಕು ಹಿಡಿದ ಒಂದು ಸ್ನಾನದ ತೊಟ್ಟಿ.
‘ಎಲ್ಲಿ?’
‘ಹೋದ ಚಳಿಗಾಲ ಸತ್ತುಹೋಯಿತಪ್ಪ.’

ಅಪ್ಪ ಟೋಪಿ ತೆಗೆದ.
ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಗೃಹಸ್ಥ ಅವನನ್ನು ನೋಡಿ
ಏನೋ ಇರಬೇಕೆಂದು ತಾನೂ ತೆಗೆದ,
ಅವನ ಹಿಂದಿನವನು, ಅವನಾಚೆಯವನು,
ಅಕಾರ್ಡಿಯನ್ ನಿಂತಿತು.
ಇಡೀ ಅಟ್ಟ ಬರಿತಲೆಯಲ್ಲಿ ಆ ತಿರುವು ದಾಟಿತು.

ಟೋಪಿ ಮತ್ತೆ ಇಟ್ಟುಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ.
ಅವನಿಗೆ ಗೊತ್ತಿತ್ತೋ ಏನೋ.
ಕ್ಯಾಲ್‌ಸ್ಟಾಕಿನಲ್ಲಿ ಕೆನೆ ಹಾಕಿದ ಸ್ಟ್ರಾಬೆರಿ ಎರಡು ತಟ್ಟೆ ತಿಂದು
ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಬೈದ,
ಸ್ಟ್ರಾಬೆರಿಯನ್ನು.

ಈಗ ಮೋಟಾರು ದೋಣಿ. ಟಿಕೆಟ್ ಕೊಂಡೇ ಹತ್ತುತ್ತೇನೆ.
ಮೈಕು ಹಿಡಿದ ಹುಡುಗ ಒಳ್ಳೆಯವನು,
ಸೇತುವೆಗೆ ಎಷ್ಟು ಕಮಾನು, ಗಣಿ ಯಾವಾಗ ಮುಚ್ಚಿತು,
ಒಂದೂ ತಪ್ಪುವುದಿಲ್ಲ.
ಹಾಲ್ಟನ್ ಕಟ್ಟೆಯ ಕೆಳಗಿನ ತಿರುವು ಬಂದಾಗ
ಹೇಳುವಂಥದ್ದೇನೂ ಇಲ್ಲವೆಂದು
ಮೈಕು ಕೆಳಗಿಟ್ಟು ನೀರು ಕುಡಿಯುತ್ತಾನೆ.